ಬಣ್ಣದ ತುಕ್ಕು

ಕಾರಿನ ಬಾಗಿಲ ಮೇಲೆ ಬೆರಳು ಎಳೆದಾಗ ತುದಿಗೆ ಕಂದು ಪುಡಿ ಹತ್ತಿತು. ಹೆಬ್ಬೆರಳಿನಿಂದ ಉಜ್ಜಿ ನೋಡಿದ, ಮೂಗಿನ ಹತ್ತಿರ ತಂದ, ಆಮೇಲೆ ಪ್ಯಾಂಟಿನ ಹಿಂಬದಿಗೆ ಒರೆಸಿಕೊಂಡ. ಧೂಳಿರಬೇಕು ಅಂದುಕೊಂಡ. ಈ ಬಾಗಿಲ ಮೇಲಿನ ತುಕ್ಕು ಯಾರ ಕೈಗೂ ಹತ್ತುವಂಥದ್ದಲ್ಲ ಎಂದು ಲೋಕದಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು. ಅವರಲ್ಲಿ ಒಬ್ಬ ತಾನೇ. ಬಾಡಿಗೆ ಮನೆಯ ಹಿಂದಿನ ಅಂಗಳದಲ್ಲಿ, ನೀರಿನ ತೊಟ್ಟಿಯ ಪಕ್ಕ, ಉಳಿದ ಬಾಡಿಗೆದಾರರ ಸ್ಕೂಟರುಗಳಿಂದ ಒಂದು ಮಾರು ಆಚೆ ಕಾರು ನಿಂತಿತ್ತು. ಆಚೆ ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ. ಯಾರಾದರೂ ಹೇಳುವ ಮುಂಚೆ ತಾನೇ ಸರಿದು ನಿಂತರೆ ಅವಮಾನ ಅರ್ಧ ಕಡಿಮೆ ಎಂಬುದನ್ನು ಅವನು ಈಚೆಗೆ ಕಲಿತಿದ್ದ. ದಿನಾ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಕೆಳಗಿಳಿದು ಬಂದು ಕಾರು ಅಲ್ಲೇ ಇದೆಯೇ ಎಂದು ನೋಡುತ್ತಿದ್ದ. ಇರುತ್ತಿತ್ತು. ಯಾರು ಕದಿಯುತ್ತಾರೆ ಇದನ್ನು? ಆದರೂ ನೋಡಿದ ಮೇಲೆ ಎದೆಯೊಳಗೆ ಏನೋ ಒಂದು ತನ್ನ ಜಾಗಕ್ಕೆ ಬಂದು ಕೂತಂತಾಗುತ್ತಿತ್ತು. ನನ್ನದು ಅಂತ ಒಂದು ಉಳಿದಿದೆ.

ಹೆಂಡತಿ ಮೆಟ್ಟಿಲಿಳಿದು ಬಂದಳು. ಔಷಧಿ ಅಂಗಡಿಯ ಬಿಳಿ ಕೋಟನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಂಡಿದ್ದಳು.

"ಬಿಟ್ಟು ಬರ್ಲಾ ಅಂಗಡಿ ತನಕ?" ಎಂದ, ದಿನದಂತೆ.

"ಬಸ್ಸಿದೆ," ಎಂದಳು, ದಿನದಂತೆ.

"ಮಳೆ ಬರೋ ಹಾಗಿದೆ."

"ಬರ್ಲಿ ಬಿಡಿ. ಬಸ್ಸಿಗೂ ಸೂರಿದೆ."

ಅಂಗಡಿಗೆ ಸೇರಿದ ಹೊಸತರಲ್ಲಿ ಅವಳು ಕಾರಿನಲ್ಲೇ ಹೋಗುತ್ತಿದ್ದಳು. ಒಂದು ದಿನ ಇಳಿಯುವಾಗ ಕೋಟಿನ ತೋಳು ತುಕ್ಕು ಹಿಡಿದ ಬಾಗಿಲನ್ನು ಉದ್ದಕ್ಕೂ ಸವರಿಕೊಂಡು ಹೋಯಿತು. ಅಯ್ಯೋ ಎಂದು ತೋಳು ಎತ್ತಿ ನೋಡಿದಳು. ಕೋಟು ಬೆಳ್ಳಗೇ ಇತ್ತು. ತೋಳು ನೋಡಿದಳು, ಬಾಗಿಲು ನೋಡಿದಳು, ಕೊನೆಗೆ ಗಂಡನ ಮುಖ ನೋಡಿದಳು. ಕೇಳಿದ್ದರೆ ಹೇಳಿಬಿಡುತ್ತಿದ್ದನೇನೋ. ಕೇಳಲಿಲ್ಲ. ಮಾರನೆಯ ದಿನದಿಂದ ಬಸ್ಸು ಹಿಡಿದಳು. ಅಂದಿನಿಂದ ರಾತ್ರಿ ಊಟಕ್ಕೆ ಕೂತಾಗ ಪಾತ್ರೆಗಳ ಸದ್ದು ಜಾಸ್ತಿ, ಮಾತು ಕಡಿಮೆ. ಒಂದೇ ಗೋಡೆಯ ಆಚೆ ಈಚೆ ಬಾಡಿಗೆಗಿದ್ದವರ ಹಾಗೆ ಇಬ್ಬರೂ ಒಬ್ಬರ ಕೆಮ್ಮು ಒಬ್ಬರು ಕೇಳಿಕೊಂಡು ಮಲಗುತ್ತಿದ್ದರು.

ಅವಳು ಗೇಟು ದಾಟುವುದನ್ನು ನೋಡುತ್ತ ನಿಂತಿದ್ದಾಗ ಫೋನು ಬಂತು.

"ನಾನು, ಬಣ್ಣದಣ್ಣನ ಮಗಳು," ಎಂದಿತು ದನಿ. ನಮಸ್ಕಾರವಿಲ್ಲ, ಹೇಗಿದ್ದೀರಿ ಇಲ್ಲ. "ಅಪ್ಪನ್ನ ಆಸ್ಪತ್ರೆಯಿಂದ ಕಳಿಸ್ತಿದ್ದಾರೆ. ಮನೆಗೆ ಕರ್ಕೊಂಡು ಹೋಗ್ಬೇಕು. ನಾನು ಬೇರೆ ಗಾಡಿ ಮಾಡ್ತೀನಿ ಅಂದೆ, ಕೇಳಲ್ಲ. ನಿಮ್ಮ ಕಾರೇ ಆಗಬೇಕಂತೆ."

"ಬರ್ತೀನಮ್ಮ. ಈಗ್ಲೇ ಬರ್ತೀನಿ. ಹೇಗಿದಾನೆ?"

"ಬಂದಾಗ ನೋಡ್ತೀರಲ್ಲ," ಎಂದು ಫೋನು ಇಟ್ಟುಬಿಟ್ಟಳು.

ಕೀಲಿ ತಿರುಗಿಸಿದಾಗ ಪೆಟ್ರೋಲಿನ ಮುಳ್ಳು ಕೆಂಪು ಗೆರೆಯ ಮೇಲೆ ಒಂದಿಷ್ಟು ಎದ್ದು ಮತ್ತೆ ಮಲಗಿತು. ಆಸ್ಪತ್ರೆಗೆ ಹೋಗಿ ಬರುವಷ್ಟಿದ್ದೀತು. ಚಾಲಕನ ಬದಿಯ ಗಾಜು ಇಳಿಯುತ್ತಿರಲಿಲ್ಲ. ಅದನ್ನು ಇಳಿಸುವ ಹಿಡಿಯನ್ನು ಅವನೇ ಕಿತ್ತಿದ್ದ. ಬೆಲೆ ಕಟ್ಟುವ ಅಧಿಕಾರಿ ಬರುವ ಹಿಂದಿನ ದಿನ ಕಿತ್ತದ್ದು, ಎಲ್ಲಿಟ್ಟನೋ ಆಮೇಲೆ ಸಿಗಲಿಲ್ಲ. ದಿವಾಳಿ ಎಂದರೆ ಎಲ್ಲ ಹೋಗುವುದು ಎಂದೇ ಅವನು ತಿಳಿದಿದ್ದ. ಹಾಗೇನಿಲ್ಲವಂತೆ, ಕಾನೂನಿಗೂ ಕರುಣೆಯಿದೆಯಂತೆ. ದಿವಾಳಿಯೆದ್ದವನೂ ಬದುಕಬೇಕಲ್ಲ, ಆದ್ದರಿಂದ ಅವನ ಹೊಟ್ಟೆಪಾಡಿಗೆ ಬೇಕಾದ ಒಂದು ವಾಹನವನ್ನು, ಅದರ ಬೆಲೆ ತೀರಾ ಕಮ್ಮಿಯಿದ್ದರೆ, ಅವನಿಗೇ ಬಿಡುತ್ತಾರೆ ಎಂದು ವಕೀಲ ವಿವರಿಸಿದ್ದ. ಬಾಡಿಗೆಗೆ ಓಡಿಸಿ ಜೀವನ ಮಾಡುತ್ತೇನೆ ಅಂತ ಹೇಳಿ, ಉಳಿದದ್ದು ಕಾರಿನ ಮುಖ ನೋಡಿದರೆ ಅವರಿಗೇ ಅನ್ನಿಸಬೇಕು ಎಂದು ಕಣ್ಣು ಕಿರಿದು ಮಾಡಿದ್ದ. ಅನ್ನಿಸಬೇಕು! ಇಪ್ಪತ್ತು ವರ್ಷ ಗುದ್ದಿಸಿಕೊಂಡ ಕಾರುಗಳನ್ನು ಹೊಸದರಂತೆ ಮಾಡಿ ಕೊಟ್ಟ ವರ್ಕ್‌ಶಾಪಿನ ಯಜಮಾನನಿಗೆ ಈ ಮಾತು.

ವರ್ಕ್‌ಶಾಪಿಗೆ ಸೀಲು ಬಿದ್ದ ದಿನದ್ದೂ ಇದೇ ಥರದ ಮೋಡ. ಗುದ್ದಿದ ತಗಡು ತಟ್ಟಿ ಸರಿಮಾಡುವ ಟಿಂಕರಿಂಗಿನವನನ್ನು ಎಲ್ಲರೂ ಸುತ್ತಿಗೆ ಎಂದೇ ಕರೆಯುತ್ತಿದ್ದರು. ಅವನು ಸ್ವಂತ ದುಡ್ಡಿನಲ್ಲಿ ಮಾಡಿಸಿಕೊಂಡ, ಹಿಡಿ ಅವನದೇ ಅಂಗೈಯ ಆಕಾರಕ್ಕೆ ಸವೆದ ಸುತ್ತಿಗೆಗಳು ಷಟರಿನ ಒಳಗೆ ಸಿಕ್ಕಿಕೊಂಡಿದ್ದವು. ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದ ಬಣ್ಣದಣ್ಣನ ಸ್ಪ್ರೇ ಗನ್ ಕೂಡ. ಅವು ನಮ್ಮವು ಸಾರ್, ನಮ್ಮ ಅನ್ನ ಸಾರ್ ಎಂದು ಇಬ್ಬರೂ ಕೋರ್ಟಿನವನ ಹಿಂದೆ ಹಿಂದೆ ಓಡಾಡಿದರು. ರಸೀದಿ ಇದೆಯಾ ಎಂದು ಆತ ಕೇಳಿದ. ಸುತ್ತಿಗೆಗೆ ಯಾವನು ರಸೀದಿ ಇಟ್ಟುಕೊಂಡಿರುತ್ತಾನೆ? ಷಟರಿನೊಳಗೆ ಇದ್ದದ್ದೆಲ್ಲ ಮಾಲೀಕನ ಆಸ್ತಿ, ಮಾಲೀಕನ ಆಸ್ತಿಯೆಲ್ಲ ಬ್ಯಾಂಕಿನದು. ಯಜಮಾನನ ಕಾರು ಹೊಟ್ಟೆಪಾಡು, ಆಳಿನ ಸುತ್ತಿಗೆ ಹರಾಜು. ಕಾನೂನಿನ ಕಣ್ಣಿಗೆ ಹೊಟ್ಟೆ ಎಂಬ ಅಂಗ ಇರುವುದು ಒಬ್ಬನಿಗೇ. ಅವರದು ಕೊಟ್ಟುಬಿಡಿ, ಅವು ಅವರವೇ ಎಂದು ಅವನು ಒಂದು ಮಾತು ಹೇಳಬಹುದಿತ್ತು. ಕೇಳದೆ ಬಾಯಿ ಬಿಡಬೇಡಿ ಎಂದು ವಕೀಲ ಕಿವಿಯಲ್ಲಿ ಹೇಳಿದ್ದ. ಅವನು ತನ್ನ ಬೂಟಿನ ಲಾಡಿ ಕಟ್ಟಿಕೊಳ್ಳುತ್ತ ಬಗ್ಗಿದ್ದ; ಕಟ್ಟಿದ ಲಾಡಿಯನ್ನೇ ಬಿಚ್ಚಿ ಮತ್ತೆ ಕಟ್ಟಿದ. ತಲೆ ಎತ್ತುವ ಹೊತ್ತಿಗೆ ಬೀಗದ ಮೇಲೆ ಸೀಲಿನ ಅರಗು ಆರಿತ್ತು.

ಆಸ್ಪತ್ರೆಯ ಮುಂಬಾಗಿಲಲ್ಲಿ ಕಾವಲುಗಾರ ಸೀಟಿ ಊದಿ ಬಾನೆಟ್ಟಿನ ಮೇಲೆ ಬಡಿದ. ಗಾಜು ಇಳಿಯದ್ದರಿಂದ ಅವನು ಬಾಗಿಲನ್ನೇ ತೆರೆಯಬೇಕಾಯಿತು, ಅದು ಹೋಗಿ ಕಾವಲುಗಾರನ ಮೊಣಕಾಲಿಗೆ ತಗುಲಿತು.

"ಏನ್ರೀ, ಗುಜರಿ ಅಂಗಡಿ ಅಂದ್ಕೊಂಡ್ರಾ ಇದನ್ನ? ಆ ಕಡೆ ನಿಲ್ಸಿ, ಕಸದ ಗಾಡಿ ನಿಲ್ಲೋ ಕಡೆ."

"ಪೇಷಂಟ್ ಇದಾರೆ, ಒಂದೇ ನಿಮಿಷ."

"ಪೇಷಂಟಿಗೇನಾಗಿದೆಯೋ ಗೊತ್ತಿಲ್ಲ, ನಿಮ್ಮ ಕಾರನ್ನ ಅಡ್ಮಿಟ್ ಮಾಡ್ಬೇಕು ಮೊದ್ಲು." ಪಕ್ಕದಲ್ಲಿದ್ದವರು ನಕ್ಕರು. ಅವನೂ ನಕ್ಕ. ನಗುವವರ ಜೊತೆ ತಾನೂ ನಗುವುದನ್ನು ಕೂಡ ಈಚೆಗೆ ಕಲಿತಿದ್ದ.

ಗಾಲಿ ಕುರ್ಚಿಯಲ್ಲಿ ಬಂದದ್ದು ಬಣ್ಣದಣ್ಣನೆಂದು ಗುರುತಿಸಲು ಒಂದು ಗಳಿಗೆ ಹಿಡಿಯಿತು. ಅರ್ಧ ಆಳು ಉಳಿದಿದ್ದ. ಮೂಗಿಗೆ ಸಣ್ಣ ಕೊಳವೆ, ಮಡಿಲಲ್ಲಿ ಕೂಸಿನಷ್ಟು ದೊಡ್ಡ ಆಮ್ಲಜನಕದ ಸಿಲಿಂಡರು. ಸಂಜೆಯಾದರೂ ಉಗುರಿನ ಸಂದಿಯಲ್ಲಿ ಯಾರದೋ ಕಾರಿನ ಬಣ್ಣ ಉಳಿಸಿಕೊಂಡು ಓಡಾಡುತ್ತಿದ್ದವನ ಉಗುರುಗಳು ಈಗ ಸ್ವಚ್ಛವಾಗಿದ್ದವು, ನೀಲಿಯಾಗಿದ್ದವು. ಮೂಗಿಗೆ ಕಟ್ಟಿಕೊಳ್ಳಲು ಒಳ್ಳೆಯ ಮುಖವಾಡ ತರಿಸಿ ಎಂದು ಎಷ್ಟು ಸಲ ಕೇಳಿದ್ದನೋ. ಮುಂದಿನ ತಿಂಗಳು ಎಂದು ತಾನು ಎಷ್ಟು ಸಲ ಹೇಳಿದ್ದನೋ. ಬಣ್ಣದಣ್ಣ ಮಗಳಿಗೆ ಬೆರಳಿನಿಂದ ಸನ್ನೆ ಮಾಡಿದ, ಕಾರಿನ ಸುತ್ತ ಒಂದು ಸುತ್ತು ಹಾಕಿಸು ಎಂದು. ಅವಳು ತುಟಿ ಬಿಗಿದು ಕುರ್ಚಿ ತಳ್ಳಿದಳು. ಹಿಂದಿನ ಚಕ್ರದ ಬಳಿ ಬಣ್ಣದಣ್ಣ ಕೈ ಎತ್ತಿ ನಿಲ್ಲಿಸಿದ, ಕತ್ತು ಓರೆ ಮಾಡಿ ನೋಡಿದ, ಅವನನ್ನು ಹತ್ತಿರ ಕರೆದ.

"ಇಲ್ಲಿ ಸ್ವಲ್ಪ ಜಾಸ್ತಿ ಆಯ್ತು ಯಜಮಾನ್ರೇ," ಎಂದು ಪಿಸುಗುಟ್ಟಿದ. ಕಣ್ಣಲ್ಲಿ ಹಳೆಯ ತುಂಟತನವಿತ್ತು. "ಇಷ್ಟು ತುಕ್ಕು ಹಿಡೀಬೇಕು ಅಂದ್ರೆ ಗಾಡಿ ಸಮುದ್ರದಲ್ಲಿ ಮುಳುಗಿರ್ಬೇಕು. ಆ ಅಧಿಕಾರಿ ಗಾಡಿ ನೋಡಿದ್ನೋ ನಿಮ್ಮ ಮುಖ ನೋಡಿದ್ನೋ?"

ಅಧಿಕಾರಿ ಬರುತ್ತಾನೆಂದು ಗೊತ್ತಾದ ದಿನ ಅವನು ಬಣ್ಣದಣ್ಣನ ಮನೆಗೆ ತಾನೇ ಹೋಗಿದ್ದ. ವಯಸ್ಸಿನಲ್ಲಿ ಹಿರಿಯನಾದವನನ್ನು ಅಷ್ಟು ವರ್ಷ ನೀನು ತಾನು ಎಂದೇ ಮಾತಾಡಿಸಿದ ಬಾಯಿ ಅವತ್ತು ಮೊದಲ ಸಲ, ನೀವೇ ಕಾಪಾಡಬೇಕು, ಎಂದಿತ್ತು. ಆ ಬಹುವಚನ ಕೇಳಿ ಬಣ್ಣದಣ್ಣ ಗಾಬರಿಯಾಗಿ ಎದ್ದು ನಿಂತಿದ್ದ. ನಿಮ್ಮ ಸಂಬಳದ ಬಾಕಿ ಎಲ್ಲರಿಗಿಂತ ಮೊದಲು ಕೊಡುತ್ತೇನೆ ಎಂದೂ ಬಾಯಿ ಹೇಳಿತ್ತು. ಮಾರನೆಯ ದಿನ ಬೆಳಕಿರುವಷ್ಟು ಹೊತ್ತೂ, ಗೇಟು ಹಾಕಿಕೊಂಡು, ಹಳೆಯ ಮನೆಯ ಹಿತ್ತಲಲ್ಲಿ ಇಬ್ಬರೇ. ಆ ಕಾರಿನ ಹಸಿರು ಯಾವ ಕಂಪನಿಯದ್ದೂ ಅಲ್ಲ, ಬಣ್ಣದಣ್ಣನೇ ಬೆರೆಸಿ ಬೆರೆಸಿ ಹುಡುಕಿದ ಹಸಿರು, ಅವನ ಕೈಯ ಒಳ್ಳೆಯ ಕೆಲಸ. ಅದರ ಮೇಲೆ ಅವನೇ ಮರಳುಕಾಗದ ಹಿಡಿದು ತಗಡು ಕಾಣುವವರೆಗೆ ಉಜ್ಜಿದ. ಕೆಮ್ಮುತ್ತ ಉಜ್ಜಿದ. ಉಜ್ಜಿದ ಕಡೆ ವಾರ್ನಿಷು ಬಳಿದು, ಹಸಿ ಇರುವಾಗಲೇ ಇಟ್ಟಿಗೆ ಪುಡಿ ಉದುರಿಸಿ, ಕಂದು ಕಪ್ಪು ಕಿತ್ತಳೆಗಳನ್ನು ಸ್ಪಂಜಿನಿಂದ ಒತ್ತಿ ಒತ್ತಿ ಇಟ್ಟ. ಸಂಜೆಯ ಹೊತ್ತಿಗೆ ಕಾರಿಗೆ ಮುಪ್ಪು ಬಂದಿತ್ತು. ಇಬ್ಬರೂ ದೂರ ನಿಂತು ನೋಡಿದರು. ನಾಚಿಕೆಗೆಟ್ಟ ಸಂತೋಷವೊಂದು ಇಬ್ಬರಿಗೂ ಆಗಿತ್ತು, ಎಷ್ಟಂದರೂ ಕಸುಬಿನವರು. ಕತ್ತಲಾಗುವ ಮುಂಚೆ ಅವನು ಬಣ್ಣದಣ್ಣನನ್ನು ಅದೇ ಕಾರಿನಲ್ಲಿ ಗಲ್ಲಿಯ ತುದಿಯವರೆಗೆ ಬಿಟ್ಟು ಬಂದ. ಅಲ್ಲಿ ಸುತ್ತಿಗೆ ನಿಂತಿದ್ದನ್ನು ಇಬ್ಬರೂ ನೋಡಿರಲಿಲ್ಲ.

ಕಾರು ಆಸ್ಪತ್ರೆಯ ರಸ್ತೆ ದಾಟಿತು. ಹಿಂದಿನ ಸೀಟಿನಲ್ಲಿ ಮಗಳು ಸಿಲಿಂಡರು ತಬ್ಬಿಕೊಂಡು ಕೂತಿದ್ದಳು. ಕೊಳವೆ ಎರಡು ಸೀಟುಗಳ ನಡುವಿನಿಂದ ಹಾದು ಬಣ್ಣದಣ್ಣನ ಮೂಗಿಗೆ ಬಂದಿತ್ತು. ಗೇರು ಹಾಕುವಾಗಲೆಲ್ಲ ಮೊಣಕೈ ಆ ಕೊಳವೆಗೆ ತಾಗೀತೆಂದು ಅವನು ಮೈ ಹಿಡಿ ಮಾಡಿಕೊಂಡು ಓಡಿಸುತ್ತಿದ್ದ.

"ಇವಳಿಗೆ ಹೇಳಿದೀನಿ," ಎಂದ ಬಣ್ಣದಣ್ಣ. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದ. "ತುಕ್ಕಿನ ವಿಷ್ಯ. ಮಗಳ ಹತ್ರ ಮುಚ್ಚಿಟ್ಟು ಸಾಯೋಕಾಗಲ್ಲ."

ಅವನು ಕನ್ನಡಿಯಲ್ಲಿ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ಕೇಸು ಮುಗಿಯುವವರೆಗೆ ಯಾರಾದರೂ ಒಂದು ಅರ್ಜಿ ಹಾಕಿದರೆ ಸಾಕು, ಕಾರು ಹೋಗುತ್ತದೆ, ಕೋರ್ಟಿಗೆ ಮೋಸ ಮಾಡಿದ ಎಂದು ಅವನೂ ಒಳಗೆ ಹೋಗುತ್ತಾನೆ.

"ಹೆದ್ರಬೇಡಿ. ಅವಳು ಯಾರಿಗೂ ಹೇಳಲ್ಲ. ನಂಗೆ ನಿಮ್ಮಿಂದ ಬೇಕಾಗಿರೋದು ಒಂದೇ ಮಾತು."

"ದುಡ್ಡು ಕೊಡ್ತೀನಣ್ಣ, ಕೇಸು ಒಂದು ದಡ ಸೇರ್ಲಿ..."

"ದುಡ್ಡು ಯಾರು ಕೇಳಿದ್ರು?" ಹಿಂದಿನಿಂದ ಮಗಳು.

"ಸುಮ್ನಿರೇ. ಯಜಮಾನ್ರೇ, ಅವತ್ತು ಇಡೀ ದಿನ ನಾನು ನಿಮ್ಮ ಮನೇಲಿದ್ದೆ ಅಂತ ಗಲ್ಲಿಗೆಲ್ಲ ಗೊತ್ತು. ನೀವು ಕಾರಲ್ಲಿ ಬಿಟ್ಟು ಹೋಗಿದ್ದೂ ನೋಡಿದಾರೆ. ಆಮೇಲೆ ನಾನು ಆಸ್ಪತ್ರೆ ಸೇರ್ದೆ. ದುಡ್ಡೆಲ್ಲಿಂದ ಬಂತು ಅಂತ ನಮ್ಮ ವರ್ಕ್‌ಶಾಪಿನವ್ರ ಲೆಕ್ಕ. ಇವಳು ಬಳೆ ಮಾರಿದ್ದು ಅವ್ರಿಗೇನು ಗೊತ್ತು? ನನ್ನ ಬಾಕಿ ಮಾತ್ರ ನೀವು ಒಳಗೊಳಗೇ ಕೊಟ್ರಿ, ನಾನು ಈಸ್ಕೊಂಡು ಅವರನ್ನ ಬೀದೀಲಿ ಬಿಟ್ಟೆ ಅಂತ." ಉಸಿರಿಗಾಗಿ ನಿಂತ. "ಒಬ್ರೂ ನೋಡೋಕೆ ಬರ್ಲಿಲ್ಲ. ಒಂದೇ ಡಬ್ಬಿಯಿಂದ ಉಂಡಿದ್ವಿ. ಏನ್ ಮಾಡ್ತಿದ್ದೆ ಅವತ್ತು ಅಂತ ಸುತ್ತಿಗೆ ಮುಖಕ್ಕೆ ಮುಖ ಕೊಟ್ಟು ಕೇಳ್ದ. ನಿಮಗೆ ಮಾತು ಕೊಟ್ಟಿದ್ನಲ್ಲ, ಬಾಯಿ ಮುಚ್ಕೊಂಡಿದ್ದೆ."

"ಈಗೇನು ಮಾಡಬೇಕು?"

"ಟೀ ಅಂಗಡಿ ಹತ್ರ ಒಂದು ಗಳಿಗೆ ನಿಲ್ಸಿ. ಎಲ್ರೂ ಅಲ್ಲಿರೋ ಹೊತ್ತು. ತುಕ್ಕಿನ ಸುದ್ದಿ ಎತ್ತಬೇಡಿ. ಇವನಿಗೆ ನಾನು ಏನೂ ಕೊಟ್ಟಿಲ್ಲ. ಅಷ್ಟೇ ಹೇಳಿ. ಅಷ್ಟೇ."

ಅಷ್ಟೇ! ಎಷ್ಟು ಸುಲಭ ಎನ್ನಿಸಿತು ಅವನಿಗೆ. ಕಾರು ಬೇಡ, ದುಡ್ಡು ಬೇಡ, ಒಂದು ಮಾತು, ಅದೂ ನಿಜದ್ದು. ಹೇಳುತ್ತೇನೆ ಎಂದ. ಖಂಡಿತ ಹೇಳುತ್ತೇನೆ ಎಂದ. ಸಿಗ್ನಲಿನಲ್ಲಿ ನಿಂತಾಗ ತುಟಿಯೊಳಗೇ ಹೇಳಿಕೊಂಡು ನೋಡಿದ. ಇವನಿಗೆ ನಾನು ಏನೂ ಕೊಟ್ಟಿಲ್ಲ. ಇವರಿಗೆ ಅನ್ನಬೇಕೋ ಇವನಿಗೆ ಅನ್ನಬೇಕೋ? ಇವರಿಗೆ ಅಂದರೆ ಚೆಂದ. ಹೇಳಿದ ಮೇಲೆ ಹೇಗಿರುತ್ತದೆ ಎಂದು ಊಹಿಸಿಕೊಂಡ: ಎಲ್ಲರೂ ತಲೆ ತಗ್ಗಿಸುತ್ತಾರೆ, ಸುತ್ತಿಗೆ ಬಂದು ಬಣ್ಣದಣ್ಣನ ಕೈ ಹಿಡಿಯುತ್ತಾನೆ, ಯಜಮಾನರು ದೊಡ್ಡವರು ಎಂದು ಯಾರೋ ಅನ್ನುತ್ತಾರೆ. ತನ್ನ ಊಹೆಯ ಕೊನೆಯಲ್ಲಿ ತಾನೇ ದೊಡ್ಡವನಾಗಿ ನಿಂತಿರುವುದು ಅವನಿಗೆ ಹೊಳೆಯಲಿಲ್ಲ.

ಗ್ಯಾರೇಜುಗಳ ಸಾಲಿಗೆ ತಿರುಗುತ್ತಿದ್ದಂತೆ ಗ್ರೀಸು ಮತ್ತು ವೆಲ್ಡಿಂಗಿನ ವಾಸನೆ ಬಂತು. ಅವನ ಷಟರು ಮುಚ್ಚಿತ್ತು, ಬೀಗದ ಮೇಲೆ ಕೆಂಪು ಅರಗು, ಬುಡದಲ್ಲಿ ಯಾರೋ ಉಗಿದ ಕಲೆ. ಅದನ್ನು ನೋಡದೆ ಎದುರಿನ ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ಬೆಂಚಿನ ಮೇಲೆ ಅವನ ಹಳೆಯ ಕೆಲಸಗಾರರಿದ್ದರು, ಈಗ ಬೇರೆ ಬೇರೆ ಯಜಮಾನರ ಕೈಕೆಳಗೆ, ಎರವಲು ಸುತ್ತಿಗೆ ಎರವಲು ಸ್ಪಾನರು ಹಿಡಿದು ದುಡಿಯುವವರು.

"ಓಹೋ, ಯಜಮಾನ್ರ ಸವಾರಿ!" ಎಂದ ಸುತ್ತಿಗೆ. "ಪಕ್ಕದಲ್ಲಿ ಮಂತ್ರಿಗಳು ಬೇರೆ."

"ಬಾಯಿ ಮುಚ್ಚೋ, ಹುಷಾರಿಲ್ಲದ ಮನುಷ್ಯ," ಎಂದು ಗದರಿದಳು ಟೀ ಅಂಗಡಿಯ ಅಕ್ಕ. ಸ್ಟೂಲು ಒರೆಸಿ ಅವನತ್ತ ಸರಿಸಿದಳು. "ಬನ್ನಿ ಯಜಮಾನ್ರೇ, ಎಷ್ಟು ದಿನ ಆಯ್ತು."

ಅವನು ಇಳಿದ. ಬಣ್ಣದಣ್ಣ ತನ್ನ ಬದಿಯ ಬಾಗಿಲು ತೆರೆದು ಕಾಲು ಹೊರಗಿಟ್ಟು ಸೀಟಿನಲ್ಲೇ ಕೂತ. ಕೆಲಸಗಾರರಲ್ಲಿ ಒಬ್ಬ ಅಭ್ಯಾಸಬಲದಿಂದ ಅರ್ಧ ಎದ್ದು, ನೆನಪಾಗಿ ಮತ್ತೆ ಕೂತ. ಅರ್ಧ ಎದ್ದದ್ದೇ ಸಾಕಾಯಿತು. ಎಷ್ಟೋ ತಿಂಗಳಿನಿಂದ ಯಾರೂ ಅವನಿಗಾಗಿ ಎದ್ದಿರಲಿಲ್ಲ. ಬೆನ್ನು ತಾನಾಗಿ ನೆಟ್ಟಗಾಯಿತು. ಅಕ್ಕ ಲೋಟ ತಂದು ಕೈಗೆ ಕೊಟ್ಟಳು. ಈಗ ಹೇಳಬೇಕು.

ಅಷ್ಟರಲ್ಲಿ ಸುತ್ತಿಗೆಯೇ ಶುರು ಮಾಡಿದ. "ನೋಡಿ ಯಜಮಾನ್ರೇ, ನಿಮ್ಮ ಮೇಲೆ ನಂಗೆ ಸಿಟ್ಟಿತ್ತು, ಇಲ್ಲ ಅಂತ ಸುಳ್ಳು ಹೇಳಲ್ಲ. ನನ್ನ ಸುತ್ತಿಗೆ ಹರಾಜಾದ ದಿನ ನೀವು ಕಣ್ಣಿಗೆ ಬಿದ್ದಿದ್ರೆ ಏನಾಗ್ತಿತ್ತೋ. ಆಮೇಲೆ ಕೂತು ಯೋಚ್ನೆ ಮಾಡ್ದೆ. ಇದ್ದಿದ್ರಲ್ಲಿ ಒಬ್ಬನಿಗಾದ್ರೂ ಕೊಟ್ರಲ್ಲ, ಅದೂ ಉಸಿರಿಲ್ಲದವನಿಗೆ. ನಮಗಿಲ್ಲ ಅಂತ ಹೊಟ್ಟೆ ಉರೀತದೆ, ಉರೀಲಿ. ಆದ್ರೆ ನೀವು ಪೂರ್ತಿ ಕೆಟ್ಟವರಲ್ಲ ಬಿಡಿ. ನಮ್ಮ ಜಗಳ ಏನಿದ್ರೂ ಇವನ ಜೊತೆ. ತಿಂದ ಮೇಲೆ ತಿಂದೆ ಅಂತ ಹೇಳ್ಬೇಕು, ಗಂಡಸಿನ ಹಾಗೆ."

ಬೆಂಚಿನ ಮೇಲೆ ತಲೆಗಳು ಅಲ್ಲಾಡಿದವು. ಬಣ್ಣದಣ್ಣ ಅವನ ಮುಖವನ್ನೇ ನೋಡುತ್ತಿದ್ದ. ಪೂರ್ತಿ ಕೆಟ್ಟವರಲ್ಲ. ಆ ಮಾತು ಎಲ್ಲಿಂದಲೋ ಬಂದು ಬೆಚ್ಚಗೆ ಅವನ ಮೈಮೇಲೆ ಹೊದಿಸಿದಂತಾಗಿತ್ತು. ಹೆಂಡತಿ ಅನ್ನದ ಮಾತು, ವಕೀಲ ಅನ್ನದ ಮಾತು, ಕನ್ನಡಿಯ ಮುಂದೆ ನಿಂತು ತಾನೇ ತನಗೆ ಅಂದುಕೊಳ್ಳಲು ಆಗದ ಮಾತು. ಒಬ್ಬನಿಗಾದರೂ ಕೊಟ್ಟವನು. ಹಾಗೊಬ್ಬನಿದ್ದಾನೆ ಈ ಗಲ್ಲಿಯಲ್ಲಿ, ಅವನ ಹೆಸರಿನವನೇ, ಅವನ ಮುಖದವನೇ. ತಾನಿಲ್ಲದಾಗಲೂ ಇವರ ಮಾತುಗಳಲ್ಲಿ ಬದುಕಿಕೊಂಡಿದ್ದಾನೆ. ಒಂದು ವಾಕ್ಯ ಹೇಳಿದರೆ ಅವನು ಸಾಯುತ್ತಾನೆ. ಆಮೇಲೆ ಏನು ಉಳಿಯುತ್ತದೆ? ನಾಳೆ ಹೇಳಬಹುದು. ಸುತ್ತಿಗೆಯನ್ನು ಬೇರೆ ಕರೆದು ಹೇಳಬಹುದು. ಫೋನಿನಲ್ಲಿ ಹೇಳಬಹುದು. ಲೋಟ ತುಟಿಗೆ ತಂದ, ನಾಲಿಗೆ ಸುಟ್ಟುಕೊಂಡ.

"ಟೀ ಚೆನ್ನಾಗಿದೆ ಅಕ್ಕ," ಎಂದ.

 ಬಣ್ಣದಣ್ಣ ಕಣ್ಣು ಮುಚ್ಚಿ ತೆರೆದ.

"ಸುತ್ತಿಗೆ," ಎಂದ. "ಒಂದು ಥಿನ್ನರ್ ಬಟ್ಟೆ ಕೊಡು."

"ಅಪ್ಪಾ, ಬೇಡ. ಆ ವಾಸನೆ..." ಮಗಳು ಹಿಂದಿನಿಂದ ಭುಜ ಹಿಡಿದಳು.

"ಕೊಡೋ." ಬಣ್ಣದಣ್ಣ ಎದ್ದು ಬಾಗಿಲು ಹಿಡಿದು ನಿಂತ. "ಅವತ್ತು ಏನ್ ಮಾಡ್ತಿದ್ದೆ ಅಂತ ಕೇಳಿದ್ಯಲ್ಲ. ಇದನ್ನ ಮಾಡ್ತಿದ್ದೆ. ಇದು ತುಕ್ಕಲ್ಲ. ಬಣ್ಣ. ಕೋರ್ಟಿನವನ ಕಣ್ಣಿಗೆ ಮಣ್ಣೆರಚೋಕೆ ಇಡೀ ದಿನ ಕೂತು ಬಳಿದಿದ್ದು. ಒಂದು ಕಾಸು ಈಸ್ಕೊಂಡಿಲ್ಲ. ಕೆಳಗೆ ತಗಡು ಕನ್ನಡಿ ಹಾಗಿದೆ, ನೋಡ್ತಿರು."

 ಕೆಲಸಗಾರರು ಎದ್ದು ಸುತ್ತ ನೆರೆದರು. ಸುತ್ತಿಗೆ ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿದ ಬಟ್ಟೆ ತಂದುಕೊಟ್ಟ, ಬಣ್ಣದಣ್ಣ ಅದನ್ನು ಬಾಗಿಲಿಗೆ ಒತ್ತಿ ತಿಕ್ಕಿದ. ಕಂದು ಬಣ್ಣ ಕರಗಿ ಬಟ್ಟೆಗೆ ಬಂತು. ಹಾ ಎಂದರು ಯಾರೋ. ಇನ್ನೊಂದು ಸಲ ತಿಕ್ಕಿದ. ಕಂದು ಹೋದ ಜಾಗದಲ್ಲಿ ಕಂದೇ ಇತ್ತು. ಒಣಗಿದ, ಹೊಟ್ಟಿನಂಥ, ಎದ್ದು ಬರುವ ಕಂದು. ಇನ್ನೂ ತಿಕ್ಕಿದ. ತಗಡು ಹಕ್ಕಳೆ ಹಕ್ಕಳೆಯಾಗಿ ಉದುರಿತು, ಬಟ್ಟೆಯ ಸಮೇತ ಬೆರಳು ಒಳಗೆ ಹೋಯಿತು. ಬೆಳಿಗ್ಗೆ ತನ್ನ ಬೆರಳಿಗೆ ಹತ್ತಿದ್ದು ಧೂಳಲ್ಲ ಎಂದು ಅವನಿಗೆ ಆಗ ತಿಳಿಯಿತು.

ಬಣ್ಣದಣ್ಣ ಆ ತೂತನ್ನೇ ನೋಡುತ್ತ ನಿಂತ. "ಪ್ರೈಮರ್ ಹೊಡೀಲಿಲ್ಲ," ಎಂದ, ತನಗೇ. "ಬರೀ ತಗಡ ಮೇಲೆ ಇಟ್ಟಿಗೆ ಪುಡಿ. ಇಟ್ಟಿಗೆ ನೀರು ಕುಡೀತದೆ. ಸುಳ್ಳು ತುಕ್ಕಿಗೆ ಯಾಕೆ ಪ್ರೈಮರ್ ಅಂತ..." ಜನ್ಮದಲ್ಲಿ ಒಂದು ಗಾಡಿಗೂ ತುಕ್ಕು ತಡೆಯುವ ಆ ಮೊದಲ ಲೇಪ ತಪ್ಪಿಸದವನು.

"ತುಕ್ಕಿನ ಮೇಲೆ ಬಣ್ಣ ಬಳೀದೇ ಇರೋ ಗಾಡಿ ಯಾವುದಿದೆ ಅಣ್ಣ ಲೋಕದಲ್ಲಿ?" ಎಂದ ಸುತ್ತಿಗೆ. ಯಾರೋ ಕಿಸಕ್ಕನೆ ನಕ್ಕರು. ಸುತ್ತಿಗೆ ನಗಲಿಲ್ಲ. ಬಣ್ಣದಣ್ಣನ ಕೈಯನ್ನು ನೋಡಿದ, ಆಮೇಲೆ ಅವನತ್ತ ತಿರುಗಿದ. "ಯಜಮಾನ್ರೇ, ನೀವಾದ್ರೂ ಹೇಳಿ. ಏನಿದು?"

ಆ ಮಾತು ಹೇಳಲು ಎರಡನೆಯ ಸಲ ಬಾಗಿಲು ತೆರೆದಿತ್ತು. ಎಲ್ಲ ಮುಖಗಳೂ ಅವನ ಕಡೆಗಿದ್ದವು. ಅವನು ಲೋಟವನ್ನು ಮೆಲ್ಲಗೆ ಸ್ಟೂಲಿನ ಮೇಲಿಟ್ಟ, ಅದು ಸರಿಯಾಗಿ ಕೂತಿತೇ ಎಂದು ನೋಡಿದ. ಆಮೇಲೆ ಬಹಳ ಮೆತ್ತಗಿನ, ತನಗೇ ಹಿತವೆನಿಸಿದ ದನಿಯಲ್ಲಿ ಹೇಳಿದ:

"ಈಗ ತಾನೆ ಆಸ್ಪತ್ರೆಯಿಂದ ಬಂದಿದಾರೆ ಪಾಪ. ಔಷಧಿ ತಲೆಗೇರಿರ್ಬೇಕು. ಮನೆಗೆ ಬಿಟ್ಟು ಬರ್ತೀನಿ."

ಬಂದಿದಾರೆ. ಬಹುವಚನ ತಾನಾಗಿ ಬಂದಿತ್ತು.

ಬಣ್ಣದಣ್ಣ ಕೆಮ್ಮಲು ಶುರು ಮಾಡಿದ. ಥಿನ್ನರಿನ ವಾಸನೆ ಎದೆಗೆ ಇಳಿದಿತ್ತು. ಮಗಳು ಅವನನ್ನು ಸೀಟಿಗೆ ಕೂರಿಸಿ, ಬಟ್ಟೆ ಕಿತ್ತು ಎಸೆದು, ಕೊಳವೆ ಸರಿಮಾಡಿದಳು. ಅಕ್ಕ ನೀರು ತಂದಳು. ಸುತ್ತಿಗೆ ಬಗ್ಗಿ ನೆಲದ ಮೇಲಿನ ಬಟ್ಟೆ ಎತ್ತಿಕೊಂಡು, ತಿರುಗಿಸಿ ತಿರುಗಿಸಿ ನೋಡುತ್ತ ಉಳಿದ. ಕಾರು ಹೊರಟಾಗಲೂ ನೋಡುತ್ತಲೇ ಇದ್ದ.

ದಾರಿಯುದ್ದಕ್ಕೂ ಕೊಳವೆಯೊಳಗೆ ಗಾಳಿ ಹರಿಯುವ ಸದ್ದು, ಬಾಗಿಲಿನ ಹೊಸ ತೂತಿನಿಂದ ಇನ್ನೊಂದು ಗಾಳಿಯ ಸಣ್ಣ ಸಿಳ್ಳು. ಏನಾದರೂ ಹೇಳಬೇಕೆಂದು ಅವನು ಪ್ರತಿ ತಿರುವಿನಲ್ಲೂ ಅಂದುಕೊಂಡ.  ಅವರ ಮನೆ ಇಳಿಜಾರು ಗಲ್ಲಿಯ ಕೊನೆಗೆ. ಕಾರು ಅಲ್ಲಿಯವರೆಗೂ ಹೋಯಿತು. ಮಗಳು ಇಳಿದು, ಸಿಲಿಂಡರನ್ನು ಹೆಗಲಿಗೇರಿಸಿ, ಅಪ್ಪನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಹಿಡಿದುಕೊಳ್ಳಲು ಅವನೂ ಈ ಕಡೆಯಿಂದ ಬಾಗಿದ. ಬಣ್ಣದಣ್ಣ ಆ ಕೈಯನ್ನು ಸರಿಸಲಿಲ್ಲ, ಹಿಡಿಯಲೂ ಇಲ್ಲ. ಕಾಲು ನೆಲಕ್ಕೂರಿ ನಿಂತು, ಉಸಿರು ಸರಿಹೋಗುವವರೆಗೆ ಕಾದು, ಬಗ್ಗಿ ಒಳಗೆ ನೋಡಿದ.

"ಬಾಡಿಗೆ ಎಷ್ಟಾಯ್ತಪ್ಪಾ?"

ಅದರಲ್ಲಿ ಚುಚ್ಚು ಇರಲಿಲ್ಲ. ಯಾವ ಗಾಡಿಯವನನ್ನಾದರೂ ಯಾವ ಪ್ರಯಾಣಿಕನಾದರೂ ಕೇಳುವ ಹಾಗೆ ಕೇಳಿದ್ದ. ಇಷ್ಟು ವರ್ಷ ಆ ಬಾಯಿಂದ ಯಜಮಾನ್ರೇ ಎಂಬುದನ್ನು ಬಿಟ್ಟು ಬೇರೆ ಕೇಳದ ಕಿವಿಗೆ ಆ ಅಪ್ಪಾ ಬಂದು ತಗುಲಿತು.

"ಅಣ್ಣ, ಹಾಗೆಲ್ಲ..."

"ಹೊಟ್ಟೆಪಾಡಿನ ಗಾಡಿ ಅಲ್ವಾ," ಎಂದಳು ಮಗಳು. ಚೀಲದಿಂದ ಕೆಲವು ನೋಟು ತೆಗೆದು, ಅವಳ ಅಪ್ಪ ಕೂತು ಬೆಚ್ಚಗಾಗಿದ್ದ ಸೀಟಿನ ಮೇಲಿಟ್ಟು, ಬಾಗಿಲು ಹಾಕಿದಳು. ಮೆಲ್ಲಗೆ ಹಾಕಿದಳು, ತಗಡು ಉದುರದ ಹಾಗೆ.

ಅವರು ಒಳಗೆ ಹೋದರು. ಮಳೆ ಹನಿಯತೊಡಗಿತು. ಅವನು ಗಲ್ಲಿಯಿಂದ ಹಿಮ್ಮುಖವಾಗಿ ಬಂದು ದೊಡ್ಡ ರಸ್ತೆ ಸೇರಿದ. ಬಸ್‌ಸ್ಟಾಪಿನಲ್ಲಿ ಬಿಳಿ ಕೋಟಿನ ಯಾರೋ ನಿಂತಿದ್ದಂತೆ ಕಂಡಿತು, ಹೆಂಡತಿಯಾಗಿರಲಿಲ್ಲ. ಖಾಲಿ ಕಾರಿನಲ್ಲಿ ಒಬ್ಬನೇ, ಕೊಟ್ಟಿಲ್ಲ ಎಂದ. ದನಿ ಸರಿಯಾಗಿಯೇ ಬಂತು. ಇವರಿಗೆ ನಾನು ಏನೂ ಕೊಟ್ಟಿಲ್ಲ. ಗಟ್ಟಿಯಾಗಿ ಹೇಳಿದ. ಒಂದು ಕಾಸೂ ಕೊಟ್ಟಿಲ್ಲ, ಸುತ್ತಿಗೆಗಳು ಅವನವೇ, ಸ್ಪ್ರೇ ಗನ್ನೂ ಇವನದೇ, ನಾನು ಲಾಡಿ ಕಟ್ಟಿಕೊಳ್ಳುತ್ತಿದ್ದೆ. ಎಷ್ಟು ಸಲೀಸಾಗಿ ಬರುತ್ತಿತ್ತು! ಮಾತಿನ ಬಿಸಿಗೆ ಇಳಿಯದ ಗಾಜಿನ ಮೇಲೆ ಮಂಜು ಕಟ್ಟಿತು, ಹೊರಗಿನ ರಸ್ತೆ ಮಸುಕಾಯಿತು. ಹಿಂದಿರುಗಿ ಗ್ಯಾರೇಜಿನ ಸಾಲಿಗೇ ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡ. ಆಗ ಎಂಜಿನ್ ಒಮ್ಮೆ ಬಿಕ್ಕಿತು. ಮುಳ್ಳು ಕೆಂಪಿನ ಕೆಳಗೆ ಮಲಗಿತ್ತು.

ಎದುರಿಗೇ ಬಂಕಿತ್ತು. ಉರುಳಿಕೊಂಡು ಹೋಗಿ ನಿಂತ. ಬಂಕಿನ ಹೆಂಗಸು ಟೋಪಿ ಸರಿಮಾಡಿಕೊಂಡು ಬಂದು ಗಾಜು ತಟ್ಟಿದಳು, ಏನೋ ಕೇಳಿದಳು. ಅವನು ಹೇಳುತ್ತಲೇ ಇದ್ದ. ಕೊಟ್ಟಿಲ್ಲ, ಕೊಟ್ಟಿಲ್ಲ. ಅವಳು ಕಿವಿಯ ಹತ್ತಿರ ಕೈ ತಂದು ಕೇಳಿಸುತ್ತಿಲ್ಲ ಎಂದು ಸನ್ನೆ ಮಾಡಿದಳು. ಬಾಗಿಲನ್ನು ಒಂದು ಗೇಣು ತೆರೆದ.

"ಏನಂದ್ರಿ ಸಾರ್? ಎಷ್ಟಕ್ಕೆ ಹಾಕ್ಲಿ?"

ಅವನು ಪಕ್ಕದ ಸೀಟಿನ ಮೇಲಿದ್ದ ನೋಟುಗಳನ್ನು ಎತ್ತಿಕೊಂಡ. ಇನ್ನೂ ಬೆಚ್ಚಗಿದ್ದವು.

"ಇಷ್ಟಕ್ಕೂ ಹಾಕಿ," ಎಂದ.